ಅಂತರಿಕ್ಷ ನಿಲ್ದಾಣದಲ್ಲಿ ಬಟ್ಟೆ ಒಣಗುವ ಹಗ್ಗ

ಶಹಾಪುರದಿಂದ ಹೈದರಾಬಾದಿಗೆ

ಜರ್ಮನಿಯಿಂದ ಮರಳಿ ಶಾಲೆಗೆ ಹೋದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಚಳಿಯ ವಿಷಯ, ಊಟದ ವಿಷಯ, ವಿಮಾನದಲ್ಲಿ ಕಿವಿ ನೋಯುತ್ತದೆಯೇ ಎಂಬ ವಿಷಯ. ಅಲ್ಲಿ ನಾವು ಬಟ್ಟೆ ಒಣಹಾಕುವ ಒಂದು ಹಗ್ಗಕ್ಕಾಗಿ ಜಗಳಾಡಿದೆವು ಎಂದಾಗ ಹೆಡ್‌ಮಾಸ್ತರರು ನಕ್ಕು ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. ಹೇಳಿ ಮುಗಿಸುವ ಮೊದಲೇ ಗಂಟೆ ಹೊಡೆಯಿತು. ಪೂರ್ತಿ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಹೆಸರು ಸುಜಾತಾ, ತವರು ಕೊಂಕಲ್. ಸುರಪುರದಲ್ಲಿ ಅರಸರ ಕಾಲದಿಂದ ನಡೆದುಬಂದ ಸಣ್ಣ ಕುಂಚದ ಚಿತ್ರಕಲೆಯನ್ನು ಹಣಮಂತ ಕಾಕಾನ ಹತ್ತಿರ ಕಲಿತೆ. ಕಾಕಾ ನನಗೆ ರಕ್ತಸಂಬಂಧಿಯಲ್ಲ, ಓಣಿಗೆಲ್ಲ ಕಾಕಾ. ಎಪ್ಪತ್ತು ದಾಟಿದ ಮನುಷ್ಯ. ಧೋತರ, ಕರಿಯ ಕೋಟು. ಚಿತ್ರಕ್ಕೆ ಕುಳಿತರೆ ಉಸಿರು ಬಿಡುವುದೂ ನಿಧಾನ.

ಬ್ರೆಮೆನ್ ಎಂಬ ಊರಿನ ಒಂದು ಸಣ್ಣ ಗ್ಯಾಲರಿಯವರು ನಮ್ಮಿಬ್ಬರನ್ನು ಕರೆಸಿಕೊಂಡಿದ್ದರು. ಮನುಷ್ಯ ಅಂತರಿಕ್ಷಕ್ಕೆ ಹೋಗುವ ಮೊದಲು, ಹೋದ ಹೊಸತರಲ್ಲಿ, ಮುಂದೆ ಅಲ್ಲಿ ನಾವು ಹೀಗೆ ಮನೆ ಮಾಡಿಕೊಂಡಿರುತ್ತೇವೆ ಎಂದು ಕಲಾವಿದರು ಊಹಿಸಿ ಬರೆದ ನಿಲ್ದಾಣಗಳ ಚಿತ್ರಗಳನ್ನು ಅವರು ಕೂಡಿಹಾಕಿದ್ದರು. ಅವುಗಳ ಪಕ್ಕದಲ್ಲಿ ಬೇರೆ ಬೇರೆ ದೇಶದ ಹಳೆಯ ಪದ್ಧತಿಯ ಕಲಾವಿದರು ತಮ್ಮ ರೀತಿಯಲ್ಲಿ ಒಂದೊಂದು ನಿಲ್ದಾಣ ಬರೆಯಬೇಕು. ಮುಕ್ಕಾಲು ಕೆಲಸ ಊರಲ್ಲೇ ಮಾಡಿ, ಕೊನೆಯ ಕೆಲಸವನ್ನು ಅಲ್ಲಿ ಜನರೆದುರು ಮುಗಿಸಬೇಕು. ಅದು ಕರಾರು.

ನಮಗೆ ಮಾದರಿಯಾಗಿ ಕಳಿಸಿದ್ದು ಬಂಡಿಯ ಗಾಲಿಯಂಥ ನಿಲ್ದಾಣ. ಗಾಲಿ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ಜನ ಅದರ ಅಂಚಿನ ಒಳಗೆ ಇರುತ್ತಾರೆ. ಕಾಕಾ ಅದನ್ನು ಬಹಳ ಹೊತ್ತು ನೋಡಿ ಕೇಳಿದ್ದ, “ಒಳಗಿನ ಮಂದಿ ಉರುಳಿ ಬೀಳೂದಿಲ್ಲೇನು ಬೇ?” ಆಗ ನಾನು ತಂಬಿಗೆಗೆ ಹಗ್ಗ ಕಟ್ಟಿ, ನೀರು ತುಂಬಿ, ಅಂಗಳದಲ್ಲಿ ಗರಗರ ತಿರುಗಿಸಿ ತೋರಿಸಿದ್ದೆ. ನೀರು ಚೆಲ್ಲಲಿಲ್ಲ. “ಹಾಂಗಾದ್ರ ಹೊರಗಿನ ಅಂಚೇ ಅವ್ರಿಗಿ ನೆಲ. ಅಚ್ಚು ಅವ್ರ ತಲಿ ಮ್ಯಾಲ ಬರ್ತದ,” ಎಂದು ಅವತ್ತೇ ಗೆರೆ ಎಳೆಯಲು ಕುಳಿತ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತಪಾಸಣೆಗೆ ಸಿಕ್ಕಿತು. ಅಧಿಕಾರಿ ಪೊಟ್ಟಣ ಎತ್ತಿ ಇದೇನೆಂದು ಕೇಳಿದ. ಕಾಕಾ ಬಿಚ್ಚಿ, “ಬೊಟ್ಟಿಲೆ ನೆಕ್ಕಿ ನೋಡ್ರಿ ಸಾಹೇಬ್ರ,” ಎಂದ. ಸಾಹೇಬ ನೆಕ್ಕಲಿಲ್ಲ, ಆದರೆ ಮೂಸಿ ನೋಡಿ ಬಿಟ್ಟ. ಅವನೂ ನಮ್ಮ ಕಡೆಯವನೇ ಇರಬೇಕು ಎಂದು ಕಾಕಾ ವಿಮಾನ ಏರುವವರೆಗೂ ಹೇಳುತ್ತಿದ್ದ.

ಬ್ರೆಮೆನ್: ಚಕ್ರಗಳ ಕೋಣೆ

ಗ್ಯಾಲರಿ ನಡೆಸುವ ಕಾಟ್ರಿನ್ ಎಂಬ ತರುಣಿ ನಮ್ಮನ್ನು ಕರೆದೊಯ್ಯಲು ಬಂದಿದ್ದಳು. ಅವಳ ಜೊತೆ ನಡೆದು ಹೋಗುವಾಗ ಒಂದು ಚೌಕದಲ್ಲಿ ಎಲ್ಲರೂ ನಿಂತುಬಿಟ್ಟರು. ರಸ್ತೆ ಖಾಲಿ. ಎದುರಿಗೆ ಕೆಂಪು ದೀಪ. ಕಾಕಾ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

“ಯಾರಿಗಿ ದಾರಿ ಬಿಟ್ಟು ನಿಂತಾರಿವ್ರು? ಒಂದು ನಾಯಿ ಸೈತ ಇಲ್ಲ.”

“ದೀಪ ಹಸರು ಆಗಬೇಕು ಕಾಕಾ.”

“ನಮ್ಮ ಶಾಪುರ ಬಸ್ ಸ್ಟ್ಯಾಂಡ್ ಮುಂದ ಇವ್ರನ್ನ ತಂದು ನಿಂದ್ರಿಸಿದ್ರ ಸಂಜಿತನಕ ಅಲ್ಲೇ ನಿಂತಿರ್ತಾರ.”

ಗ್ಯಾಲರಿಯಲ್ಲಿ ಕುಡಿಯಲು ನೀರು ಕೊಟ್ಟರು. ಗುಟುಕರಿಸಿದ ಕಾಕಾ ಮುಖ ಕಿವುಚಿದ. ಅಲ್ಲಿ ನೀರೆಂದರೆ ಗ್ಯಾಸ್ ತುಂಬಿದ ನೀರು. “ನಂದು ಹೊಟ್ಟಿ ಕೆಟ್ಟದಂತ ಇವ್ರಿಗಿ ಯಾರು ಖಬರ ಕೊಟ್ರು? ಬರೂತ್ಲೆ ಸೋಡಾ ಕೊಡಾಕತ್ತಾರ,” ಎಂದ.

ಆಮೇಲೆ ಚಿತ್ರಗಳ ಕೋಣೆಗೆ ಹೋದೆವು. ಗೋಡೆಯ ತುಂಬ ಕಡುಗಪ್ಪು ಆಕಾಶ, ಅದರಲ್ಲಿ ಬೆಳ್ಳಗಿನ ಗಾಲಿಗಳು. ಒಂದರಲ್ಲಿ ಗಾಲಿಯ ಪಕ್ಕದಲ್ಲಿ ರೆಕ್ಕೆಯ ರಾಕೆಟ್ಟು, ಹಗ್ಗ ಹಿಡಿದು ತೇಲುವ ಕೆಲಸಗಾರರು. ಇನ್ನೊಂದರಲ್ಲಿ ಬೃಹತ್ತಾದ ಡಬ್ಬಿಯಂಥ ನಿಲ್ದಾಣ. ಅದರ ಒಳಮೈಗೆಲ್ಲ ಗುಡ್ಡ, ಹೊಳೆ, ಹೊಲ, ಕೆಂಪು ಹಂಚಿನ ಮನೆಗಳು. ಹೊಳೆ ನೆಲದಿಂದ ಗೋಡೆಗೆ ಏರಿ, ಜನರ ತಲೆಯ ಮೇಲೆ ಹಾದು ಹರಿಯುತ್ತಿತ್ತು. ಅದರ ಮುಂದೆ ಕಾಕಾ ಕೈಕಟ್ಟಿ ನಿಂತ. ತಿಂಥಣಿ ಸೇತುವೆಯ ಮೇಲಿಂದ ಕೃಷ್ಣೆಯನ್ನು ನೋಡುವಾಗ ನಿಲ್ಲುತ್ತಾನಲ್ಲ, ಹಾಗೆ. “ಖರೇ ಹೊಳಿ ನೋಡಿದಾಂವನೇ ಬರ್ದಾನಿದನ್ನ,” ಎಂದ.

ನಾನು ಗಮನಿಸಿದ್ದು ಬೇರೆ. ಈ ನಿಲ್ದಾಣಗಳ ಕಿಟಕಿಯಲ್ಲಿ ಭೂಮಿ ಕಾಣುತ್ತದೆ, ಆದರೆ ಯಾವಾಗಲೂ ಚಿತ್ರ ಬರೆದವರ ದೇಶವೇ ಎದುರಿಗಿರುತ್ತದೆ. ನಮ್ಮ ದೇಶ ಒಂದರಲ್ಲಿ ಮಾತ್ರ ಸಿಕ್ಕಿತು, ಅದೂ ಅರ್ಧ ಮೋಡದಡಿ. ಒಳಗಿನ ಜನ ಟೈ ಕಟ್ಟಿಕೊಂಡು ಪೇಪರ್ ಓದುತ್ತಾರೆ, ಪೈಪು ಸೇದುತ್ತಾರೆ. ಹೆಂಗಸು ಇದ್ದರೆ ಅವಳ ಕೈಯಲ್ಲಿ ಕಾಫಿಯ ಟ್ರೇ. ಕೆಲವು ಚಿತ್ರಗಳ ಕೆಳಗೆ ಬರೆದವರ ಹೆಸರಿಲ್ಲ, ‘ಕಲಾವಿದರ ಕಲ್ಪನೆ’ ಎಂದಷ್ಟೇ ಇತ್ತು. ಸುರಪುರದ ಹಳೆಯ ಚಿತ್ರಗಳಿಗೂ ಹೆಸರಿಲ್ಲ. ಹಾಗಾಗಿ ಕಾಕಾನಿಗೆ ಇದು ವಿಚಿತ್ರ ಅನಿಸಲಿಲ್ಲ.

ಅಂಥ ಒಂದು ಚಿತ್ರದ ಮುಂದೆ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ ಕುಳಿತಿದ್ದರು. ತೊಂಬತ್ತರ ಹತ್ತಿರದ ವಯಸ್ಸು, ತಲೆಯಲ್ಲಿ ಬೆಳ್ಳಿಯಂಥ ಗಿಡ್ಡ ಕೂದಲು. ಕಾಟ್ರಿನ್ ಪರಿಚಯಿಸಿದಳು: “ಇವರು ಹನ್ನಾ. ಈ ಚಿತ್ರ ಬರೆದವರು.” ಗಾಲಿಯನ್ನು ಅಡ್ಡಕ್ಕೆ ಸೀಳಿ ಒಳಗಿನ ಕೋಣೆಗಳನ್ನು ತೋರಿಸುವ ಚಿತ್ರ ಅದು. ನಮಗೆ ಕಳಿಸಿದ್ದ ಮಾದರಿ ಇದೇ! ಕಾಕಾ ಅವರಿಗೆ ಎರಡೂ ಕೈಯೆತ್ತಿ ಶರಣು ಮಾಡಿದ. ಅವರೂ ಕೈ ಮುಗಿದರು.

ಅವರನ್ನು ಕರೆತಂದಿದ್ದ ಮಗ ಯೂರ್ಗೆನ್ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಅವನಿಗೂ ಅರವತ್ತು ಆಗಿರಬೇಕು. ಒಳಗೆ ಬರುವುದಿಲ್ಲವೇ ಎಂದು ಕೇಳಿದೆ. “ಈ ಚಕ್ರಗಳನ್ನು ಸಾಕಷ್ಟು ನೋಡಿದ್ದೇನೆ,” ಎಂದು ಹೇಳಿ ಪೇಪರಿಗೆ ಮುಖ ತಿರುಗಿಸಿದ.

ಭಾನುವಾರ

ಗ್ಯಾಲರಿಯವರು ನಮಗೆ ಒಂದು ಅಪಾರ್ಟ್‌ಮೆಂಟಿನಲ್ಲಿ ಜಾಗ ಮಾಡಿಕೊಟ್ಟಿದ್ದರು. ಭಾನುವಾರ ಎಲ್ಲ ಅಂಗಡಿಗಳೂ ಬಂದ್. ಓಣಿಯಲ್ಲಿ ಎಷ್ಟು ಶಾಂತ ಎಂದರೆ, ಯಾರೋ ತೀರಿಕೊಂಡಿರಬೇಕು ಎಂದು ಕಾಕಾ ಎರಡು ಸಲ ಕಿಟಕಿಯಿಂದ ಹಣಕಿ ನೋಡಿದ. ಹೊಳ್ಳಿ ಬಂದು ಕುಳಿತು ಕಡಕ್ ರೊಟ್ಟಿ ಮುರಿದ. ಅದರ ಕಟಕಟ ಸಪ್ಪಳ ಪಕ್ಕದ ಮನೆಗೂ ಕೇಳಿರಬೇಕು.

ಬಿಸಿಲು ಚೆನ್ನಾಗಿ ಬಿದ್ದಿತ್ತು. ಬಟ್ಟೆ ಒಗೆದು, ಕಾಕಾನ ಧೋತರವನ್ನು ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ಹರವಿದೆ. ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆ ಸದ್ದು ಮಾಡಿತು. ಕೆಳಗಿನ ಮನೆಯ ಹೆಂಗಸು. ಸಿಟ್ಟಿನಿಂದಲ್ಲ, ಬಹಳ ಮರ್ಯಾದೆಯಿಂದಲೇ ಹೇಳಿದಳು: ಭಾನುವಾರ ಇಲ್ಲಿ ಹೊರಗೆ ಬಟ್ಟೆ ಹಾಕುವುದಿಲ್ಲ, ದಯವಿಟ್ಟು ತೆಗೆಯಿರಿ.

ನಾನು ತೆಗೆದೆ. ಹಸಿ ಧೋತರ ಬಚ್ಚಲಲ್ಲಿ ತೊಟ್ಟಿಕ್ಕುತ್ತಿತ್ತು.

“ಯಾಕಂತ?” ಎಂದ ಕಾಕಾ.

“ನೋಡಾಕ ಚಂದ ಕಾಣೂದಿಲ್ಲಂತ.”

“ಧೋತರ ಹರದಿಲ್ಲ, ಮಾಸಿಲ್ಲ. ಮತ್ತೇನು ಚಂದ ಬೇಕಂತ ಆಕಿಗಿ?”

ಸೋಮವಾರ, ಗ್ಯಾಲರಿಯಲ್ಲಿ

ಮರುದಿನ ಗ್ಯಾಲರಿಯ ಕಿಟಕಿಯ ಹತ್ತಿರ ನಮ್ಮ ಹಲಗೆ ಇಟ್ಟುಕೊಂಡು ಕೆಲಸಕ್ಕೆ ಕುಳಿತೆವು. ಹನ್ನಾ ಗಾಲಿಕುರ್ಚಿಯನ್ನು ನಮ್ಮ ಪಕ್ಕಕ್ಕೆ ತಂದುಕೊಂಡು ನೋಡುತ್ತಿದ್ದರು. ಅವರ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ತಡವರಿಸುತ್ತಿತ್ತು, ಅದಕ್ಕೇ ನಮಗಿಬ್ಬರಿಗೂ ಹೊಂದಿತು. ನಾನು ಧೋತರದ ಸಂಗತಿ ಹೇಳಿದೆ. ಅವರು ನಕ್ಕರು. ನಗುವುದು ಮುಗಿದ ಮೇಲೆ ನನ್ನ ಮೊಣಕೈ ಹಿಡಿದು, “ನನ್ನ ಹಗ್ಗವನ್ನೂ ಹೀಗೇ ತೆಗೆಸಿದರು,” ಎಂದರು.

ಆ ಚಿತ್ರವನ್ನು ಬರೆಸಿದ್ದು ಒಂದು ಪತ್ರಿಕೆ. ಏನೇನು ಎಲ್ಲಿರಬೇಕೆಂದು ಒಬ್ಬ ಎಂಜಿನಿಯರ್ ಹೇಳುತ್ತಿದ್ದ. ಮಲಗುವ ಜಾಗ, ಅಡುಗೆ ಕೋಣೆ, ಯಂತ್ರದ ಕೋಣೆ ಎಲ್ಲ ಬರೆದು ಮುಗಿದ ಮೇಲೆ ಹನ್ನಾ ಒಂದು ಮೂಲೆಯಲ್ಲಿ ತಮ್ಮ ಮನಸ್ಸಿಗೆ ಬಂದಂತೆ ಹಗ್ಗ ಕಟ್ಟಿ ಸಣ್ಣ ಸಣ್ಣ ಬಿಳಿ ಬಟ್ಟೆ ಒಣಹಾಕಿದ್ದರು. ಎಂಜಿನಿಯರ್ ನೋಡಿದ. ಭವಿಷ್ಯದಲ್ಲಿ ಯಾರೂ ಬಟ್ಟೆ ಹಿಂಡುತ್ತ ಕೂರುವುದಿಲ್ಲ ಎಂದ. ಅವನೆದುರೇ ಅದರ ಮೇಲೆ ಗಿಡದ ಕುಂಡವೊಂದನ್ನು ಬರೆಯಬೇಕಾಯಿತು. ಆ ಕುಂಡ ಚಿತ್ರದಲ್ಲಿ ಈಗಲೂ ಇದೆ.

“ನನ್ನ ಚಿತ್ರವನ್ನು ಇನ್ನು ಯಾರೂ ಮುಟ್ಟುವಂತಿಲ್ಲ,” ಎಂದರು ಹನ್ನಾ. “ನಿಮ್ಮದರಲ್ಲಿ ಜಾಗ ಇದೆ.”

ನನಗೆ ಆ ಕ್ಷಣವೇ ಹೌದೆನಿಸಿತು. ಕಾಕಾನಿಗೆ ಹೇಳಿದೆ. ಅವನು ಕುಂಚ ಕೆಳಗಿಟ್ಟ.

“ಸುರಪುರದ ಕಲಾಕ ಒಂದು ಇಜ್ಜತ್ ಅದ. ದೇವ್ರು ಕುಂತಿದ್ದು ಬರ್ದೀವಿ, ಅರಸರು ಕುಂತಿದ್ದು ಬರ್ದೀವಿ. ಅರಿವಿ ಹಿಂಡಿ ಹಾಕಿದ್ದು ನಮ್ಮಪ್ಪ ಬರೀಲಿಲ್ಲ, ನಾ ಬರಿಯೂದಿಲ್ಲ.”

“ಅರಸರ ಅರಿವಿ ಯಾರು ಒಗೀತಿದ್ರು ಕಾಕಾ?”

“ಒಗಿಯಾವ್ರು ಒಗೀತಿದ್ರು.”

“ಅವ್ರನ್ನ ಯಾಕ ಬರೀಲಿಲ್ಲ?”

ಕಾಕಾ ಬಣ್ಣದ ಬಟ್ಟಲಿಗೆ ಹಾಳೆ ಮುಚ್ಚಿ ಎದ್ದ. ಆವತ್ತು ಮಧ್ಯಾಹ್ನ ಅವನು ನನ್ನ ಜೊತೆ ಉಣ್ಣಲೂ ಇಲ್ಲ. ಇಷ್ಟು ವರ್ಷದಲ್ಲಿ ನಾನು ಅವನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಕಾಟ್ರಿನ್‌ಳಿಗೂ ಸಂಗತಿ ತಿಳಿಯಿತು. ಅವಳ ಚಿಂತೆ ಬೇರೆಯದು. ಭಾರತದವರ ಚಿತ್ರದಲ್ಲಿ ಮಾತ್ರ ಒಗೆದ ಬಟ್ಟೆ ಕಂಡರೆ ನೋಡುವವರು ಏನೆಂದುಕೊಂಡಾರು? ನಿಮ್ಮನ್ನು ನಾವು ನಗೆಪಾಟಲು ಮಾಡಿದೆವು ಎಂದು ತಿಳಿದರೆ? ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಅದೇ ಕಷ್ಟವಾದದ್ದು. ಕೊಂಕಲ್ಲಿನಲ್ಲಿ ನಮ್ಮವ್ವ ಬಟ್ಟೆಯ ಬುಟ್ಟಿ ಹೊತ್ತು ಹಳ್ಳಕ್ಕೆ ಹೋಗುವಾಗ ನಾನು ಸಾಬೂನು ಹಿಡಿದು ಹಿಂದೆ ಹೋಗುತ್ತಿದ್ದವಳು. ಓದಿ ಟೀಚರ್ ಆಗಿ, ವಿಮಾನ ಏರಿ ಇಷ್ಟು ದೂರ ಬಂದು, ಕಡೆಗೆ ನಾನು ತೋರಿಸುವುದು ಅದನ್ನೇ ಏನು ಎಂದು ನನ್ನ ಮನಸ್ಸೂ ಹಿಂದೆ ಮುಂದೆ ಆಯಿತು.

ಹನ್ನಾ ಅವರ ಮನೆ

ಮರುದಿನ ಹನ್ನಾ ನಮ್ಮಿಬ್ಬರನ್ನೂ ಮನೆಗೆ ಕರೆದರು. ಕಾಕಾ ಬರುವುದಿಲ್ಲ ಎಂದುಕೊಂಡಿದ್ದೆ. ಕೋಟು ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದ. ಕರೆದ ಮನೆಗೆ ಹೋಗದೆ ಇರುವುದು ಅವನ ಸ್ವಭಾವದಲ್ಲಿಲ್ಲ. ಯೂರ್ಗೆನ್ ಕಾರಿನಲ್ಲಿ ಕರೆದೊಯ್ದ. ದಾರಿಯಲ್ಲಿ ಹವಾಮಾನದ ಬಗ್ಗೆ ಒಂದು ಮಾತಾಡಿ, ನಮ್ಮನ್ನು ಇಳಿಸಿ, ಏನೋ ತರುವುದಿದೆ ಎಂದು ಹೋದ.

ಇಕ್ಕಟ್ಟಾದ, ಉದ್ದನೆಯ ಮನೆ. ಸೇಬುಹಣ್ಣು ಹಾಕಿದ ಕೇಕನ್ನು ಹನ್ನಾ ತಾವೇ ಕೊಯ್ದು ಕೊಟ್ಟರು. ಕಾಕಾ ಅವರ ಹಳೆಯ ಕುಂಚಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದ, ತುದಿಯನ್ನು ತುಟಿಗೆ ಮುಟ್ಟಿಸಿ ನೋಡಿದ. ಹನ್ನಾ ಅವನನ್ನೇ ನೋಡುತ್ತಿದ್ದರು. ಆಮೇಲೆ ಅಡುಗೆ ಕೋಣೆಯ ಕಿಟಕಿ ತೋರಿಸಿ ಹೇಳತೊಡಗಿದರು. ನಾನು ಕಾಕಾನಿಗೆ ತಿಳಿಸುತ್ತ ಹೋದೆ.

“ಮೇಜು ಅಲ್ಲಿತ್ತು, ಪಕ್ಕದಲ್ಲಿ ಒಲೆ. ಯೂರ್ಗೆನ್ ಹುಟ್ಟಿ ಕೆಲವು ತಿಂಗಳಾಗಿತ್ತು. ಚಳಿಗಾಲ, ಹೊರಗೆ ಏನೂ ಒಣಗುವುದಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಅವನ ಬಟ್ಟೆ ಹಾಕುತ್ತಿದ್ದೆ. ನಿಲ್ದಾಣ ಬರೆಯುತ್ತ ತಲೆ ಎತ್ತಿದರೆ ಅವೇ ಕಾಣುತ್ತಿದ್ದವು. ಜನ ಅಲ್ಲಿ ಸಂಸಾರ ಮಾಡುವುದಾದರೆ ಕೂಸುಗಳೂ ಇರುತ್ತವೆ ಎಂದುಕೊಂಡು ಬರೆದೆ.”

ಕಾಕಾ ಕೇಕಿನ ತಟ್ಟೆಯನ್ನು ಕೆಳಗಿಟ್ಟ. “ಏನಂದ್ಳು? ಕೂಸಿನ ಅರಿವಿ ಏನು?”

“ಹೌದು ಕಾಕಾ. ಈ ಯೂರ್ಗೆನ್ನಂದೇ.”

“ಅದನ್ನ ಮದ್ಲ ಹೇಳಬಾರ್ದೇನು! ನಾ ಗಂಡಸರ ಚಡ್ಡಿ ಅಂತ ತಿಳಿದಿದ್ದೆ.”

ಹನ್ನಾ ಮುಂದುವರಿಸಿದರು. ಆ ಚಿತ್ರ ಅಚ್ಚಾದ ಮೇಲೆ ಬೇರೆ ಊರಿನ ಸ್ಟುಡಿಯೊದಲ್ಲಿ ಕೆಲಸ ಸಿಕ್ಕಿತು. ಗಂಡ ಇರಲಿಲ್ಲ, ದುಡಿಯಲೇಬೇಕು. ಕೂಸನ್ನು ಹಳ್ಳಿಯಲ್ಲಿದ್ದ ಅಕ್ಕನ ಹತ್ತಿರ ಬಿಟ್ಟರು. ಅಲ್ಲೇ ಅವನು ನಡೆಯಲು ಕಲಿತ, ಮಾತು ಕಲಿತ, ಶಾಲೆಗೂ ಸೇರಿದ. “ಚಕ್ರಗಳು ತನ್ನ ತಾಯಿಯನ್ನು ಒಯ್ದವು ಎಂದು ಅವನ ಲೆಕ್ಕ. ಸುಳ್ಳೂ ಅಲ್ಲ. ಆದರೆ ಮೊದಲನೆಯ ಚಕ್ರದಲ್ಲಿ ಅವನು ಇದ್ದ. ಇದನ್ನು ಬಾಯಲ್ಲಿ ಹೇಳಿದರೆ, ಆಯಿತಮ್ಮ, ಆಯಿತಮ್ಮ ಎನ್ನುತ್ತಾನೆ.”

ಹೊರಗೆ ಕಾರಿನ ಸಪ್ಪಳ ಕೇಳಿತು. ಅವರು ಮಾತು ನಿಲ್ಲಿಸಿ ಇನ್ನೊಂದು ತುಂಡು ಕೇಕು ಕಾಕಾನ ತಟ್ಟೆಗೆ ಹಾಕಿದರು.

ಹೊರಳಿ ಬಂದ ಮೇಲೆ ಕಾಕಾ ಮೆಟ್ಟಿಲು ಹತ್ತುತ್ತ ತಾನಾಗೇ ಹೇಳಿದ. “ಮಳಿ ಹಿಡದಾಗ ನಮ್ಮಾಕಿನೂ ನನ್ನ ಹಲಗಿ ಮ್ಯಾಲೇ ಕೂಸಿನ ಅರಿವಿ ಹಾಕ್ತಿದ್ಲು. ಒಲಿ ಹತ್ರ ಅಂದ್ರ ಅದೇ ಜಾಗಾ ಇತ್ತು.” ಇನ್ನೆರಡು ಮೆಟ್ಟಿಲು ಹತ್ತಿ ನಿಂತ. “ತಿರುಗೂ ಗಾಲ್ಯಾಗ ಅರಿವಿ ಯಾ ಕಡಿ ಇಳಿ ಬೀಳ್ತಾವ ಬೇ?”

“ಹೊರಗಿನ ಅಂಚಿನ ಕಡಿ.”

“ಹಾಂ. ಹಾಂಗಾದ್ರ ಹಗ್ಗ ಅಚ್ಚಿನ ಕಡಿಂದ ಕಟ್ಟಬೇಕು.”

ಬಂಗಾರದ ಕೆಲಸ

ಬಟ್ಟೆಗಳನ್ನು ನಾನು ಬರೆದೆ: ಚೌಕಾಕಾರದ ಸಣ್ಣ ಸಣ್ಣ ಬಿಳಿ ತುಂಡುಗಳು, ಅಂಚಿಗೆ ತುಸು ನೀಲಿ ನೆರಳು. ಬಣ್ಣದ ತುಂಡು ಜೋಡಿಸಿ ಹೊಲಿದ ಒಂದು ಕೌದಿಯನ್ನೂ ಹಾಕಿದೆ. ಅದನ್ನು ಯಾರೂ ಹೇಳಿರಲಿಲ್ಲ. ಹಗ್ಗದ ಜಾಗವನ್ನು ಮಾತ್ರ ಖಾಲಿ ಬಿಡಲು ಕಾಕಾ ಹೇಳಿದ್ದ. ಕಂದು ಬಣ್ಣ ತೇಯುತ್ತಾನೆ ಎಂದುಕೊಂಡೆ. ಅವನು ಚೀಲದಿಂದ ಬಂಗಾರದ ತೆಳು ಹಾಳೆಯ ಪೊಟ್ಟಣ ತೆಗೆದ.

ಸುರಪುರದ ಪದ್ಧತಿಯಲ್ಲಿ ಬಂಗಾರ ಬೀಳುವುದು ದೇವರ ಕಿರೀಟಕ್ಕೆ, ಅರಸರ ಆಸನಕ್ಕೆ, ರಾಣಿಯರ ಒಡವೆಗೆ. ನಮ್ಮ ನಿಲ್ದಾಣದಲ್ಲಿ ಅದನ್ನು ಗಾಲಿಯ ಅಚ್ಚಿಗೆ ಎಂದು ಎತ್ತಿಟ್ಟಿದ್ದೆವು. ಕಾಕಾ ಕೂದಲೆಳೆಯಷ್ಟು ತೆಳುವಾಗಿ ಅಂಟಿನ ಗೆರೆ ಎಳೆದ. ಬಾಯಿಯಿಂದ ಬಿಸಿ ಉಸಿರು ಬಿಟ್ಟು ಅದನ್ನು ಹದ ಮಾಡಿದ. ಹಾಳೆ ಕೂರಿಸಿದ, ಒಣ ಕುಂಚದಿಂದ ಸುತ್ತಲಿನ ಪುಡಿ ಸವರಿದ, ನುಣುಪು ಕಲ್ಲಿನಿಂದ ಮೆಲ್ಲಗೆ ಉಜ್ಜಿದ. ನೋಡುತ್ತಿದ್ದ ಜನರೂ ಉಸಿರು ಹಿಡಿದಿದ್ದರು. ಕಲ್ಲು ತೆಗೆದಾಗ ಹಗ್ಗ ಹೊಳೆಯಿತು. ಅಚ್ಚು ಬರೀ ಹಳದಿ ಬಣ್ಣದಲ್ಲೇ ಉಳಿಯಿತು.

ಕಾಟ್ರಿನ್ ಬಂದು ಹಗ್ಗವನ್ನು ನೋಡಿದಳು. ನಿರ್ಧಾರ ನಿಮ್ಮದು, ಆದರೆ ಇನ್ನೊಮ್ಮೆ ಯೋಚಿಸಿ ಎಂದಳು. ಕಾಕಾ ಕಲ್ಲು ಒರೆಸುತ್ತ, “ಹಗ್ಗ ಇಲ್ಲಂದ್ರ ಚಿತ್ರನೂ ಇಲ್ಲ ಅನ್ನು ಆಕಿಗಿ. ಮರ್ಯಾದಿಲೆ ಅನ್ನು, ಹುಡುಗಿ ಚಲೋ ಅದಾಳ,” ಎಂದ. ನಾನು ಮರ್ಯಾದೆಯಿಂದಲೇ ಅಂದೆ.

ಉದ್ಘಾಟನೆಯ ದಿನ

ಅಲ್ಲಿ ಹಾರ ಇಲ್ಲ, ದೀಪ ಹಚ್ಚುವುದಿಲ್ಲ, ವೇದಿಕೆಯೂ ಇಲ್ಲ. ಎಲ್ಲರೂ ಕೈಯಲ್ಲಿ ಗ್ಲಾಸು ಹಿಡಿದು ನಿಂತೇ ಭಾಷಣ ಕೇಳುತ್ತಾರೆ, ಭಾಷಣವೂ ಬೇಗ ಮುಗಿಯುತ್ತದೆ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ಸ್ವಾಗತ ಭಾಷಣ ಅರ್ಧಕ್ಕೆ ಬಂದಿರುತ್ತಿತ್ತು.

ನಮ್ಮ ಚಿತ್ರದ ಮುಂದೆ ಜನ ಸೇರಿದರು. ಕೆಲವರು ಬಟ್ಟೆ ಗುರುತಿಸಿ ನಕ್ಕರು. ಒಳ್ಳೆಯ ನಗುವೋ ಅಲ್ಲವೋ ತಿಳಿಯಲಿಲ್ಲ. ಬೇರೆ ಊರಿನಿಂದ ಬಂದಿದ್ದ ನಮ್ಮ ದೇಶದವರೇ ಒಬ್ಬರು, ಕೋಟು ಹಾಕಿದ ಗೃಹಸ್ಥರು, ನನ್ನನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಹೇಳಿದರು: “ನಮ್ಮ ದೇಶ ಚಂದ್ರನ ಮೇಲೆ ಇಳಿದಿದೆ. ಈ ಜನರ ಮುಂದೆ ನೀವು ತೋರಿಸುವುದು ಇದೇನಾ?”

“ಮುಂದೆ ಮನುಷ್ಯರು ಹೋಗಿ ಅಲ್ಲೇ ಇರುತ್ತಾರಲ್ಲ ಸರ್, ಅವರೂ ಬಟ್ಟೆ ಒಗೆಯಬೇಕಾಗುತ್ತದೆ,” ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ತಲೆಯಾಡಿಸಿ ಹೊರಟುಹೋದರು. ಆ ಮಾತು ನನ್ನನ್ನು ಇಂದಿಗೂ ಒಂದಿಷ್ಟು ಚುಚ್ಚುತ್ತದೆ.

ಅಷ್ಟರಲ್ಲಿ ಪತ್ರಿಕೆಯವರು ಹನ್ನಾ ಅವರನ್ನು ಅವರ ಚಿತ್ರದ ಪಕ್ಕದಲ್ಲಿ ಕೂರಿಸಿ ಫೋಟೊ ತೆಗೆಯಲು ಬಂದರು. ಹನ್ನಾ ಒಪ್ಪಲಿಲ್ಲ. ಕುರ್ಚಿಯ ಗಾಲಿಗಳನ್ನು ತಾವೇ ತಿರುಗಿಸಿಕೊಂಡು ನಮ್ಮ ಚಿತ್ರದ ಎದುರಿಗೆ ಬಂದರು. ಬಂಗಾರದ ಗೆರೆಗೆ ಮೂಗು ತಾಗುವಷ್ಟು ಬಾಗಿ ನೋಡಿದರು. ನಂತರ ಕಾಟ್ರಿನ್‌ಳಿಗೆ ಹೇಳಿ ಹೊರಗಿನ ಬೆಂಚಿನ ಮೇಲಿದ್ದ ಮಗನನ್ನು ಕರೆಸಿದರು.

ಯೂರ್ಗೆನ್ ತಾಯಿಯ ಕೋಟು ಹಿಡಿದು ಬಂದ. ಮನೆಗೆ ಹೊರಡುವುದಕ್ಕೆ ಕರೆದರು ಎಂದು ತಿಳಿದಿದ್ದ. ಹನ್ನಾ ಬೆರಳು ತೋರಿಸಿ ಜರ್ಮನ್‌ನಲ್ಲಿ ಏನೋ ಹೇಳಿದರು. ಅವನು ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಹಾಗೇ ಬಗ್ಗಿಯೇ ಇದ್ದ. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ: “ಇವುಗಳಲ್ಲಿ ನನ್ನವು ಯಾವುವು?”

“ಬಿಳಿಯವೆಲ್ಲ ನಿಮ್ಮವೇ,” ಎಂದೆ. “ಬಣ್ಣದ ಕೌದಿ ನಮ್ಮೂರಿನದು.”

ಅವನು ಕೋಟನ್ನು ಕುರ್ಚಿಯ ಹಿಂದಕ್ಕೆ ತೂಗುಹಾಕಿದ. ತಾಯಿಯ ಕಿವಿಯ ಹತ್ತಿರ ಬಗ್ಗಿ ಒಂದು ಮಾತು ಕೇಳಿದ. ಪಕ್ಕದಲ್ಲಿದ್ದ ಕಾಟ್ರಿನ್ ನನಗೆ ಮೆಲ್ಲಗೆ ತಿಳಿಸಿದಳು: ಉಳಿದವುಗಳಲ್ಲಿ ನೀನು ಬರೆದದ್ದು ಯಾವುದು, ತೋರಿಸು ಎಂದು ಕೇಳುತ್ತಿದ್ದಾನೆ.

ಅವನು ಕುರ್ಚಿಯನ್ನು ತಿರುಗಿಸಿ ಮೊದಲನೆಯ ಗೋಡೆಗೆ ಒಯ್ದ. ಹನ್ನಾ ಕೈಯೆತ್ತಿ ಏನೋ ತೋರಿಸುತ್ತಿದ್ದರು, ಅವನು ಕೇಳುತ್ತಿದ್ದ. ಪತ್ರಿಕೆಯವನು ಕ್ಯಾಮೆರಾ ಹಿಡಿದು ಅವರ ಹಿಂದೆ ಹೊರಟ. ಕಾಟ್ರಿನ್ ಅವನ ತೋಳು ಹಿಡಿದು ನಿಲ್ಲಿಸಿದಳು.

“ಬಾ ಯವ್ವಾ, ಜರಾ ಕುಂಡ್ರೂಣು,” ಎಂದ ಕಾಕಾ, ಗೋಡೆಯ ಪಕ್ಕದ ಕುರ್ಚಿಗಳನ್ನು ತೋರಿಸಿ. “ಅವ್ರದು ಇನ್ನ ಭಾಳ ಹೊತ್ತು ಅದ.”